ಅಂಗಡಿ ಕಂಪ್ಯೂಟರಿನಲ್ಲಿ ಕೂತಿರುವ ಸಾಫ್ಟ್‌ವೇರ್‌ಗೆ ಅಪ್‌ಡೇಟ್ ತಲುಪಿಸುವ ದಾರಿ ಯಾವುದು?

ಪ್ರಶ್ನೆ: ದಾವಣಗೆರೆಯಲ್ಲಿ ನಾವು ನಾಲ್ವರು ಸೇರಿ ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಮಾರುತ್ತೇವೆ. ಸುಮಾರು 400 ಅಂಗಡಿಗಳಿವೆ. ವಿಂಡೋಸ್, ಡಾಟ್‌ನೆಟ್ ಫ್ರೇಮ್‌ವರ್ಕ್ 4.8, ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಪ್ರತಿ ಅಂಗಡಿಯಲ್ಲೂ ಡೇಟಾಬೇಸ್ ಇರುವ ಒಂದು ಕಂಪ್ಯೂಟರ್, ಜೊತೆಗೆ ಒಂದೆರಡು ಕೌಂಟರ್ ಕಂಪ್ಯೂಟರ್. ಈಗ ಅಪ್‌ಡೇಟ್ ಬಂದಾಗಲೆಲ್ಲ ನಮ್ಮ ಹುಡುಗರು ರಿಮೋಟ್‌ನಲ್ಲಿ ಒಂದೊಂದೇ ಅಂಗಡಿಯ ಕಂಪ್ಯೂಟರಿಗೆ ಹೋಗಿ ಎಕ್ಸ್‌ಇ (ಪ್ರೋಗ್ರಾಂ) ಫೈಲ್ ಕಾಪಿ ಮಾಡುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರ ಬದಲಾದಾಗ ಸಾಕುಬೇಕಾಯಿತು. ಮೈಕ್ರೋಸಾಫ್ಟ್‌ನ ಇನ್‌ಸ್ಟಾಲ್-ಅಪ್‌ಡೇಟ್ ವಿಧಾನಗಳಾದ ಕ್ಲಿಕ್‌ಒನ್ಸ್, ಎಂಎಸ್‌ಐಎಕ್ಸ್, ಇಲ್ಲವೇ ಸ್ವಂತ ಅಪ್‌ಡೇಟರ್, ಇವುಗಳಲ್ಲಿ ಯಾವುದನ್ನು ಹಿಡಿಯೋಣ?

ಉತ್ತರ: ಸೆಪ್ಟೆಂಬರ್‌ನ ಪೇಚಾಟದಿಂದಲೇ ಶುರುಮಾಡೋಣ, ಏಕೆಂದರೆ ಆ ಕೆಲಸಕ್ಕೆ ಎಕ್ಸ್‌ಇ ಬದಲಿಸುವ ಅಗತ್ಯವೇ ಇರಬಾರದಿತ್ತು. ಜಿಎಸ್‌ಟಿ ಮಂಡಳಿಯ 56ನೇ ಸಭೆಯ ತೀರ್ಮಾನ ಹೊರಬಿದ್ದದ್ದು ಸೆಪ್ಟೆಂಬರ್ 3ರಂದು, ಹೊಸ ದರ ಜಾರಿಯಾದದ್ದು 22ರಂದು. ಹೆಚ್ಚಿನ ಔಷಧಿಗಳು ಶೇ 12ರಿಂದ ಶೇ 5ಕ್ಕೆ ಇಳಿದವು. ಇಷ್ಟಕ್ಕೆ ಪ್ರೋಗ್ರಾಂ ಬದಲಿಸಬೇಕಾಯಿತು ಅಂದರೆ ದರ ಕೋಡ್‌ನೊಳಗೆ ಕೂತಿದೆ ಎಂದಾಯಿತು. ಅದನ್ನು ಹೊರಗೆ ತೆಗೆಯಿರಿ. ಎಚ್‌ಎಸ್‌ಎನ್ ಕೋಡ್ (ಸರಕನ್ನು ಗುರುತಿಸುವ ಸಂಖ್ಯೆ), ದರ, ಯಾವ ದಿನದಿಂದ, ಯಾವ ದಿನದವರೆಗೆ, ಹೀಗೆ ನಾಲ್ಕು ಕಾಲಂಗಳ ಟೇಬಲ್ ಇದ್ದರೆ ಸಾಕು. ಬಿಲ್ಲಿನ ದಿನಾಂಕ ನೋಡಿ ಪ್ರೋಗ್ರಾಂ ದರ ಆಯ್ದುಕೊಳ್ಳುತ್ತದೆ. ಆಗ ದರದ ಫೈಲನ್ನು 10ನೇ ತಾರೀಕಿಗೇ ಕಳಿಸಿಟ್ಟರೂ 22ರ ಬೆಳಗ್ಗೆ ತಾನಾಗಿ ಜಾರಿಗೆ ಬರುತ್ತದೆ. 20ರಂದು ಮಾರಿದ ಸ್ಟ್ರಿಪ್ 25ರಂದು ವಾಪಸ್ ಬಂದರೆ ಮೂಲ ಬಿಲ್ಲಿನ ಹಳೆಯ ದರವೇ ಸಿಗುತ್ತದೆ.

ಹಾಗಂತ ಡೇಟಾ ಫೈಲ್ ತಾನೇ ಎಂದು ಪರೀಕ್ಷಿಸದೆ ಎಲ್ಲರಿಗೂ ಒಮ್ಮೆಗೇ ಬಿಡಬೇಡಿ. 2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದದ್ದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಇಂಥದೇ ಒಂದು ಚಿಕ್ಕ ಡೇಟಾ ಫೈಲಿನಿಂದ. ಪ್ರೋಗ್ರಾಂ ಬದಲಾಗಿರಲಿಲ್ಲ. ಅದು ಓದುವ ಫೈಲ್ ಮಾತ್ರ ಬದಲಾಗಿತ್ತು, ಮತ್ತು ಆ ಫೈಲ್ ಹಂತಹಂತವಾಗಿ ಹೋಗದೆ ಎಲ್ಲ ಕಡೆಗೂ ಒಟ್ಟಿಗೇ ಹೋಗಿತ್ತು. 78 ನಿಮಿಷಗಳಲ್ಲಿ ವಾಪಸ್ ತೆಗೆದರೂ ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ನಿಮ್ಮ ದರದ ಫೈಲಿಗೂ ಡಿಜಿಟಲ್ ಸಹಿ (ನೀವೇ ಕಳಿಸಿದ್ದು ಎಂಬ ಪುರಾವೆ) ಬೇಕು, ಓದುವಾಗ ತಪಾಸಣೆ ಬೇಕು, ಮೊದಲು ಕೆಲವೇ ಅಂಗಡಿಗಳಿಗೆ ಹೋಗಬೇಕು.

ಈಗ ಪ್ರೋಗ್ರಾಂ ವಿಷಯ. ಫೈಲ್ ಅಂಗಡಿಯ ಕಂಪ್ಯೂಟರಿಗೆ ಬರುವುದು, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೊರಳುವುದು, ಡೇಟಾಬೇಸ್ ಬದಲಾಗುವುದು, ಈ ಮೂರನ್ನೂ ನೀವು ಈಗ ಒಂದೇ ಏಟಿಗೆ ಮಾಡುತ್ತಿದ್ದೀರಿ. ಇವನ್ನು ಬಿಡಿಸಿ ನೋಡಿದರೆ ಯಾವ ಪ್ಯಾಕೇಜ್ ಎಂಬ ಪ್ರಶ್ನೆ ಅರ್ಧ ಸುಲಭವಾಗುತ್ತದೆ. ಫೈಲ್ ತರುವುದು ಎಲ್ಲಕ್ಕಿಂತ ಹಗುರ ಕೆಲಸ. ಡೇಟಾಬೇಸ್ ಎಲ್ಲಕ್ಕಿಂತ ಭಾರ, ಅದಕ್ಕೆ ನೀವು ಹೆಸರಿಸಿದ ಪ್ಯಾಕೇಜ್ ಸಾಧನಗಳಲ್ಲಿ ಯಾವುದೂ ನೆರವಿಗೆ ಬರುವುದಿಲ್ಲ.

ನೀವು ಹೆಸರಿಸಿದ ದಾರಿಗಳನ್ನು ಬೇಗ ನೋಡಿಬಿಡೋಣ. ಕ್ಲಿಕ್‌ಒನ್ಸ್‌ಗೆ ಅಡ್ಮಿನ್ ಪಾಸ್‌ವರ್ಡ್ ಬೇಡ, ಡಾಟ್‌ನೆಟ್‌ಗೆ ಸಲೀಸು, ಹಿಂದಿನ ಒಂದು ಆವೃತ್ತಿಯನ್ನು ಉಳಿಸಿಕೊಳ್ಳುತ್ತದೆ. ಆದರೆ ಒಂದೊಂದು ವಿಂಡೋಸ್ ಖಾತೆಗೂ ಅದು ಪ್ರತ್ಯೇಕವಾಗಿ ಕೂರುತ್ತದೆ. ಬೆಳಗಿನ ಪಾಳಿಯವರು ಒಂದು ಖಾತೆ, ಸಂಜೆಯವರು ಇನ್ನೊಂದು ಖಾತೆ ಬಳಸಿದರೆ ಒಂದೇ ಕಂಪ್ಯೂಟರಿನಲ್ಲಿ ಎರಡು ಆವೃತ್ತಿ ಓಡಬಹುದು. ಪ್ರಿಂಟರ್ ಡ್ರೈವರ್, ವಿಂಡೋಸ್ ಸರ್ವಿಸ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಇತ್ಯಾದಿ ಅದರಿಂದ ಕೂರಿಸಲಾಗದು. ಎಂಎಸ್‌ಐಎಕ್ಸ್ ಒಳ್ಳೆಯ ವಿನ್ಯಾಸ: ಪ್ಯಾಕೇಜನ್ನು 64 ಕೆಬಿ ತುಂಡುಗಳಾಗಿ ಲೆಕ್ಕ ಇಟ್ಟು ಬದಲಾದ ತುಂಡುಗಳನ್ನಷ್ಟೇ ಇಳಿಸುತ್ತದೆ, ತೆಗೆದುಹಾಕಿದರೆ ಕಸ ಉಳಿಯುವುದಿಲ್ಲ. ಆದರೆ ವಿಂಡೋಸ್ 7ರ ಅಂಗಡಿಗಳು ಒಂದಿಷ್ಟಾದರೂ ಇದ್ದರೆ ಅದನ್ನೇ ನೆಚ್ಚುವಂತಿಲ್ಲ. ಇನ್‌ಸ್ಟಾಲ್ ಆದ ಫೋಲ್ಡರಿಗೆ ಬರೆಯಲು ಬಿಡುವುದಿಲ್ಲವಾದ್ದರಿಂದ ಪ್ರೋಗ್ರಾಂ ಪಕ್ಕದಲ್ಲೇ ಸೆಟ್ಟಿಂಗ್ ಫೈಲ್ ಇಡುವ ಹಳೆಯ ಕೋಡ್ ಅಲ್ಲಿ ಮುರಿಯುತ್ತದೆ. ವೆಬ್ ಪುಟದ ಗುಂಡಿ ಒತ್ತಿದರೆ ನೇರ ಇನ್‌ಸ್ಟಾಲ್ ಆಗುವ ಸೌಲಭ್ಯವನ್ನು ವಂಚಕರು ಬಳಸಿಕೊಂಡದ್ದರಿಂದ ಮೈಕ್ರೋಸಾಫ್ಟ್ 2023ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿತು. ಆಜ್ಞೆ ಬರೆದು ಸಾಫ್ಟ್‌ವೇರ್ ಕೂರಿಸುವ ವಿನ್‌ಗೆಟ್ ಎಂಬ ಇನ್ನೊಂದು ದಾರಿ ಐಟಿ ಸಿಬ್ಬಂದಿ ಇರುವ ಕಚೇರಿಗಳಿಗೆ ಸರಿ, ಅಂಗಡಿಗಲ್ಲ.

ನಿಮ್ಮ ಸ್ಥಿತಿಗೆ ನನ್ನ ಆಯ್ಕೆ ಎರಡು ಭಾಗದ್ದು. ಡೇಟಾಬೇಸ್ ಇರುವ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ವಿಂಡೋಸ್ ಸರ್ವಿಸ್; ಇದನ್ನು ಇನ್ನೋ ಸೆಟಪ್ ಎಂಬ ಇನ್‌ಸ್ಟಾಲರ್ ಸಾಧನದಲ್ಲಿ ಅಡ್ಮಿನ್ ಅನುಮತಿಯೊಂದಿಗೆ ಒಮ್ಮೆ ಕೂರಿಸಿ. ಕೌಂಟರ್ ಪ್ರೋಗ್ರಾಂ ಮಾತ್ರ ಪ್ರತಿ ಖಾತೆಯ ಲೋಕಲ್ ಆಪ್‌ಡೇಟಾ ಫೋಲ್ಡರಿನಲ್ಲಿರಲಿ, ಅಲ್ಲಿ ಬದಲಿಸಲು ಯಾರ ಪಾಸ್‌ವರ್ಡೂ ಬೇಡ. ಖಾತೆಗೊಂದು ಪ್ರತಿ ಎಂಬ ತೊಡಕು ಇಲ್ಲೂ ಇದೆ. ಆದರೆ ಯಾವ ಆವೃತ್ತಿ ಓಡಬೇಕೆಂಬುದನ್ನು ಇಲ್ಲಿ ಅಂಗಡಿಯ ಡೇಟಾಬೇಸೇ ಹೇಳುತ್ತದೆ, ಅದನ್ನು ಮುಂದೆ ವಿವರಿಸುತ್ತೇನೆ. ಸರ್ವಿಸ್ ಇಂಟರ್‌ನೆಟ್‌ನಿಂದ ಪ್ಯಾಕೇಜ್ ತರುತ್ತದೆ, ಕೌಂಟರ್‌ಗಳು ಅದರಿಂದ ಅಂಗಡಿಯೊಳಗಿನ ನೆಟ್‌ವರ್ಕ್‌ನಲ್ಲಿ ಪಡೆಯುತ್ತವೆ. ಪ್ಯಾಕೇಜ್ 60 ಎಂಬಿ ಎಂದುಕೊಂಡರೆ 400 ಅಂಗಡಿಗೆ ಒಂದು ಬಿಡುಗಡೆಗೆ 24 ಜಿಬಿ ಆಗುತ್ತದೆ. ಇದು ಸಣ್ಣ ಲೆಕ್ಕ. ಹಾಗಾಗಿ ಬದಲಾದ ತುಣುಕು ಮಾತ್ರ ಕಳಿಸುವ ಡೆಲ್ಟಾ ತಂತ್ರಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಕೌಂಟರ್ ಭಾಗಕ್ಕೆ ಸಿದ್ಧ ಸಾಧನ ಬೇಕೆಂದರೆ ವೆಲೋಪ್ಯಾಕ್ ನೋಡಿ. ಅದರ ಪೂರ್ವಜನಾದ ಸ್ಕ್ವಿರಲ್ ಇನ್ನೂ ಹಲವು ಲೇಖನಗಳಲ್ಲಿ ಸಿಗುತ್ತದೆ, ಆದರೆ ಅದರ ನಿರ್ವಹಣೆ ನಿಂತುಹೋಗಿದೆ, ಹೊಸದಾಗಿ ಹಿಡಿಯಬೇಡಿ.

ಕೌಂಟರ್‌ಗಳಿಗೆ ಪ್ಯಾಕೇಜ್ ಹಂಚಲು ಶೇರ್ಡ್ ಫೋಲ್ಡರ್ ಬಳಸುವ ಯೋಚನೆ ಬರಬಹುದು. ಬೇಡ. ಪಾಸ್‌ವರ್ಡ್ ಇಲ್ಲದ ಶೇರ್ ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯಲ್ಲಿ ತೆರೆಯುವುದೇ ಇಲ್ಲ, ಪಾಸ್‌ವರ್ಡ್ ಇಟ್ಟರೆ ಅಂಗಡಿಯವರು ಮರೆಯುತ್ತಾರೆ. ಸರ್ವಿಸ್ ತಾನೇ ಒಂದು ಪೋರ್ಟಿನಲ್ಲಿ ಎಚ್‌ಟಿಟಿಪಿ ಮೂಲಕ ಕೊಡಲಿ. ಫೈರ್‌ವಾಲ್ ನಿಯಮವನ್ನು ಎಕ್ಸ್‌ಇ ಇರುವ ಜಾಗದ ಮೇಲೆ ಬರೆಯದೆ ಪೋರ್ಟಿನ ಮೇಲೆ ಬರೆಯಿರಿ. ಜಾಗದ ಮೇಲೆ ಬರೆದರೆ, ಪ್ರತಿ ಆವೃತ್ತಿಗೂ ಹೊಸ ಫೋಲ್ಡರ್ ಆಗುವ ಪದ್ಧತಿಯಲ್ಲಿ ಅಪ್‌ಡೇಟ್ ಆದಾಗಲೆಲ್ಲ ಹಳೆಯ ನಿಯಮ ಹೊಸ ಜಾಗದ ಎಕ್ಸ್‌ಇಗೆ ಅನ್ವಯಿಸುವುದಿಲ್ಲ, ಫೈರ್‌ವಾಲ್ ತಡೆಯುತ್ತದೆ, ಕೌಂಟರ್ ನಿಂತುಹೋಗುತ್ತದೆ.

ಸಹಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಉಕ್ರೇನಿನಲ್ಲಿ ಎಂ.ಇ.ಡಾಕ್ ಎಂಬ ತೆರಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಇದೆ. ಕೆಲಸದಲ್ಲಿ ನಿಮ್ಮದರ ಹತ್ತಿರದ ನೆಂಟ. ದುಷ್ಕರ್ಮಿಗಳು ಅದರ ಅಪ್‌ಡೇಟ್ ಸರ್ವರಿಗೆ ನುಗ್ಗಿ 2017ರ ಏಪ್ರಿಲ್‌ನಿಂದಲೇ ಅಪ್‌ಡೇಟ್‌ಗಳಲ್ಲಿ ಹಿಂಬಾಗಿಲು ಸೇರಿಸಿದ್ದರು. ಜೂನ್ 27ರಂದು ಅದೇ ದಾರಿಯಲ್ಲಿ ನಾಟ್‌ಪೆಟ್ಯಾ ಎಂಬ ವಿನಾಶಕಾರಿ ಕುತಂತ್ರಾಂಶ ಹರಿಯಿತು. ಬ್ಯಾಂಕು, ಆಸ್ಪತ್ರೆ, ಹಡಗು ಕಂಪನಿ ಮೆರ್ಸ್ಕ್ ಎಲ್ಲವೂ ನಿಂತವು. ಅಪ್‌ಡೇಟ್ ದಾರಿ ಇಟ್ಟುಕೊಂಡವರು 400 ಅಂಗಡಿಗಳ ಬೀಗದ ಕೈ ಇಟ್ಟುಕೊಂಡ ಹಾಗೆಯೇ; ಅದು ಎಲ್ಲಿದೆ ಎಂಬುದು ನಿಮ್ಮ ಹೊಣೆ.

ಎಚ್‌ಟಿಟಿಪಿಎಸ್ ಇದೆಯಲ್ಲ ಎನ್ನಬಹುದು. ಅದು ದಾರಿಯಲ್ಲಿ ಯಾರೂ ತಿದ್ದದಂತೆ ಕಾಯುತ್ತದೆ, ಸರ್ವರೇ ಕೈತಪ್ಪಿದರೆ ಏನೂ ಮಾಡದು. ಪ್ಯಾಕೇಜಿನ ಪಕ್ಕದಲ್ಲೇ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಇಟ್ಟರೂ ಅಷ್ಟೇ, ನುಗ್ಗಿದವನು ಎರಡನ್ನೂ ಬದಲಿಸುತ್ತಾನೆ. ಹಾಗಾಗಿ ಸಹಿ ಹಾಕಲು ಬೇಕಾದ ಗುಟ್ಟಿನ ಖಾಸಗಿ ಕೀ ವೆಬ್ ಸರ್ವರಿನಲ್ಲಿ ಎಂದೂ ಇರಬಾರದು. ಆವೃತ್ತಿ ಸಂಖ್ಯೆ, ಫೈಲಿನ ಗಾತ್ರ, ಎಸ್‌ಎಚ್‌ಎ-256, ಯಾವ ಆವೃತ್ತಿಯಿಂದ ಇದಕ್ಕೆ ಬರಬಹುದು, ಶೇಕಡ ಎಷ್ಟು ಅಂಗಡಿಗೆ, ಇಷ್ಟನ್ನು ಒಂದು ಜೇಸನ್ ಮಾಹಿತಿ ಫೈಲಿನಲ್ಲಿ ಬರೆದು ಆ ಇಡೀ ಫೈಲಿಗೆ ಸಹಿ ಹಾಕಿ, ತಯಾರಾದ ಮೇಲೆ ಸರ್ವರಿಗೆ ಏರಿಸಿ. ಡಾಟ್‌ನೆಟ್ 4.8ರೊಳಗೇ ಇರುವ ಆರ್‌ಎಸ್‌ಎ 3072 ಸಾಕು, ಹೊರಗಿನ ಲೈಬ್ರರಿ ಹುಡುಕಬೇಡಿ. ಪ್ರೋಗ್ರಾಂನಲ್ಲಿ ಸಹಿ ಪರೀಕ್ಷಿಸುವ ಎರಡು ಸಾರ್ವಜನಿಕ ಕೀ ಸೇರಿಸಿ: ಒಂದು ನಿತ್ಯದ್ದು, ಇನ್ನೊಂದರ ಖಾಸಗಿ ಜೋಡಿ ಬ್ಯಾಂಕ್ ಲಾಕರಿನಲ್ಲಿರಲಿ. ಇರುವ ಒಂದೇ ಕೀ ಕಳೆದರೆ 400 ಅಂಗಡಿಗೂ ಮತ್ತೆ ರಿಮೋಟ್ ಹಿಡಿಯಬೇಕಾಗುತ್ತದೆ. ಈಗಿರುವುದಕ್ಕಿಂತ ಹಳೆಯ ಆವೃತ್ತಿ ಹೊರಗಿನಿಂದ ಬಂದರೆ, ಸಹಿ ಸರಿಯಿದ್ದರೂ ತಿರಸ್ಕರಿಸಿ. ದೋಷವಿದ್ದ ಹಳೆಯ ಪ್ಯಾಕೇಜನ್ನೇ ಮತ್ತೆ ತಳ್ಳುವುದು ಹೆಸರಾಂತ ದಾಳಿ.

ಇದರ ಜೊತೆಗೆ ವಿಂಡೋಸ್ ಗುರುತಿಸುವ ಕೋಡ್ ಸೈನಿಂಗ್ ಸರ್ಟಿಫಿಕೇಟೂ ಬೇಕು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಡಿಎಸ್‌ಸಿ (ಡಿಜಿಟಲ್ ಸಹಿ ಸರ್ಟಿಫಿಕೇಟ್) ಬೇರೆ, ಅದರಿಂದ ಈ ಕೆಲಸ ಆಗದು. 2023ರ ಜೂನ್ 1ರಿಂದ ಈ ಸರ್ಟಿಫಿಕೇಟಿನ ಕೀ ಯುಎಸ್‌ಬಿ ಟೋಕನ್‌ನಂಥ ಹಾರ್ಡ್‌ವೇರ್‌ನಲ್ಲೇ ಇರಬೇಕೆಂಬ ನಿಯಮ ಬಂದಿದೆ. ಸಹಿ ಹಾಕುವಾಗ ಟೈಮ್‌ಸ್ಟಾಂಪ್ ಸೇರಿಸಲು ಮರೆಯಬೇಡಿ. ಅದಿಲ್ಲದಿದ್ದರೆ ಸರ್ಟಿಫಿಕೇಟ್ ಅವಧಿ ಮುಗಿದ ದಿನವೇ ಹಳೆಯ ಬಿಡುಗಡೆಗಳ ಸಹಿಯೂ ಅಮಾನ್ಯವಾಗುತ್ತದೆ, ಆಂಟಿವೈರಸ್ ನಿಮ್ಮ ಎಕ್ಸ್‌ಇ ಎತ್ತಿ ಒಳಗೆ ಹಾಕಬಹುದು.

ಸರ್ವಿಸ್‌ನಲ್ಲಿ ಅಪಾಯದ ಹಳ್ಳವೊಂದಿದೆ, ಹಲವರು ಅದಕ್ಕೆ ಬೀಳುತ್ತಾರೆ. ಸರ್ವಿಸ್ ಸಿಸ್ಟಂ ಅಧಿಕಾರದಲ್ಲಿ, ಅಂದರೆ ಕಂಪ್ಯೂಟರಿನ ಪೂರ್ಣ ಅಧಿಕಾರದಲ್ಲಿ ಓಡುತ್ತದೆ. ಪ್ಯಾಕೇಜ್ ಇಳಿಸಲು ಪ್ರೋಗ್ರಾಂಡೇಟಾ ಫೋಲ್ಡರನ್ನು ಇದ್ದ ಹಾಗೆ ಬಳಸಿದರೆ, ಅಲ್ಲಿ ಸಾಮಾನ್ಯ ಖಾತೆಯವರೂ ಫೈಲ್ ಸೃಷ್ಟಿಸಬಹುದು. ಸಹಿ ಪರೀಕ್ಷೆ ಮುಗಿದು ಓಡಿಸುವ ನಡುವಿನ ಕ್ಷಣದಲ್ಲಿ ಫೈಲ್ ಬದಲಾದರೆ ಕೆಟ್ಟ ಪ್ರೋಗ್ರಾಂ ಪೂರ್ಣ ಅಧಿಕಾರದಲ್ಲಿ ಓಡುತ್ತದೆ. ಅಡ್ಮಿನ್ ಮತ್ತು ಸಿಸ್ಟಂ ಮಾತ್ರ ಬರೆಯಬಲ್ಲ ಫೋಲ್ಡರ್ ಮಾಡಿ, ಮೊದಲು ಅಲ್ಲಿಗೆ ಕಾಪಿ ಮಾಡಿ, ಆಮೇಲೆ ಅಲ್ಲಿಯೇ ಸಹಿ ನೋಡಿ.

ಇನ್ನು ಹೊರಳುವ ಹಂತ. ಓಡುತ್ತಿರುವ ಎಕ್ಸ್‌ಇ ಫೈಲಿನ ಮೇಲೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಹೆಸರು ಬದಲಿಸಲು ಬಿಡುತ್ತದೆ, ಆದರೆ ಪ್ರೋಗ್ರಾಂನ ಬಿಡಿಭಾಗಗಳಾದ ಹತ್ತಾರು ಡಿಎಲ್‌ಎಲ್ ಫೈಲ್ ಇರುವಾಗ ಹೆಸರು ಬದಲಿಸುತ್ತ ಹೋಗುವ ನಡುವೆ ಕರೆಂಟ್ ಹೋದರೆ ಅರ್ಧ ಹಳೆಯದು, ಅರ್ಧ ಹೊಸದು. ಅದಕ್ಕೇ ಹೊಸ ಆವೃತ್ತಿಯನ್ನು ಬೇರೆಯೇ ಫೋಲ್ಡರಿನಲ್ಲಿ, ಅಂಗಡಿ ನಡೆಯುತ್ತಿರುವಾಗಲೇ ಸದ್ದಿಲ್ಲದೆ ಬಿಚ್ಚಿಡಿ. ಎಲ್ಲ ಫೈಲಿನ ಮೊತ್ತ ತಾಳೆಯಾದ ಮೇಲೆ, ಯಾವ ಫೋಲ್ಡರ್ ಚಾಲ್ತಿಯಲ್ಲಿದೆ ಎಂದು ಹೇಳುವ ಒಂದು ಸಾಲಿನ ಫೈಲನ್ನು ಬದಲಿಸಿ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಒಂದು ಪುಟ್ಟ ಲಾಂಚರನ್ನು ತೆರೆಯುತ್ತದೆ, ಲಾಂಚರ್ ಆ ಸಾಲು ಓದಿ ಸರಿಯಾದ ಫೋಲ್ಡರಿನ ಪ್ರೋಗ್ರಾಂ ಓಡಿಸುತ್ತದೆ. ಲಾಂಚರ್ ವರ್ಷಗಟ್ಟಲೆ ಬದಲಾಗದಷ್ಟು ಸರಳವಿರಲಿ.

ಆ ಒಂದು ಸಾಲಿನ ಫೈಲನ್ನು ಬರೆಯುವುದರಲ್ಲೂ ಎಚ್ಚರ ಬೇಕು. ಬರೆದ ಕೂಡಲೇ ಪವರ್ ಕಟ್ ಆದರೆ ಫೈಲ್ ಇರುತ್ತದೆ, ಗಾತ್ರವೂ ಸರಿಯಿರುತ್ತದೆ, ಒಳಗೆ ಮಾತ್ರ ಬರೀ ಸೊನ್ನೆ ಬೈಟ್‌ಗಳು. ಹೆಸರು ಮತ್ತು ಗಾತ್ರ ಡಿಸ್ಕಿಗೆ ಇಳಿದು ಒಳಗಿನ ಅಕ್ಷರಗಳು ಇಳಿಯುವ ಮೊದಲೇ ಕರೆಂಟ್ ಹೋದಾಗ ಹೀಗಾಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿರುವ ಅಂಗಡಿಗಳಲ್ಲಿ ಇದು ಅಪರೂಪವಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಫ್ಲಶ್‌ಗೆ ‘ಟ್ರೂ’ ಕೊಟ್ಟು ಡಿಸ್ಕಿಗೇ ಇಳಿಸಿ, ಆಮೇಲೆ ಹೆಸರು ಬದಲಿಸಿ. ಓದಲಾಗದಿದ್ದರೆ ಲಾಂಚರ್ ಹಿಂದಿನ ಫೋಲ್ಡರಿಗೆ ಹೋಗಲಿ. ಹೊಸ ಆವೃತ್ತಿ ತೆರೆದು, ಡೇಟಾಬೇಸಿಗೆ ಸೇರಿ, ಬಿಲ್ಲಿನ ಪರದೆ ಬಂದ ಮೇಲೆ ‘ಸರಿಯಿದೆ’ ಎಂಬ ಗುರುತು ಬರೆಯಲಿ. ಎರಡು ಸಲ ಶುರುವಾಗಿಯೂ ಗುರುತು ಬೀಳದಿದ್ದರೆ ಲಾಂಚರ್ ತಾನಾಗಿ ಹಳೆಯದನ್ನು ತೆರೆದು ನಿಮಗೆ ಸುದ್ದಿ ಕಳಿಸಬೇಕು. ಹಿಂದಿನ ಎರಡು ಆವೃತ್ತಿ ಉಳಿಸಿಕೊಂಡರೆ ಸಾಕು.

ಯಾವಾಗ ಹೊರಳಬೇಕು? ಬಿಲ್ಲು ತೆರೆದಿರುವಾಗ ಖಂಡಿತ ಬೇಡ. ರಾತ್ರಿ ಪ್ರೋಗ್ರಾಂ ಮುಚ್ಚುವಾಗ ಮಾಡುವುದು ಒಳ್ಳೆಯದು, ಆದರೆ ಅನೇಕ ಅಂಗಡಿಗಳಲ್ಲಿ ಮೇನ್ ಸ್ವಿಚ್ ಆರಿಸಿ ಶಟರ್ ಎಳೆಯುತ್ತಾರೆ, ಪ್ರೋಗ್ರಾಂ ಮುಚ್ಚುವ ಸಂದರ್ಭವೇ ಬರುವುದಿಲ್ಲ. ಅಂಥವರಿಗೆ ಬೆಳಗ್ಗೆ ತೆರೆಯುವಾಗ ಹೊರಳಲಿ. ಎಲ್ಲ ಮೊದಲೇ ಬಿಚ್ಚಿಟ್ಟಿರುವುದರಿಂದ ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯದು, ಎದುರಿಗೆ ಚೀಟಿ ಹಿಡಿದು ನಿಂತ ಗಿರಾಕಿ ಕಾಯಬೇಕಾಗುವುದಿಲ್ಲ.

ಹಳೆಯ ಇನ್‌ಸ್ಟಾಲ್‌ನಿಂದ ಇದಕ್ಕೆ ಬರುವಾಗ ಒಂದು ವಿಚಿತ್ರ ಕಾಣಬಹುದು. ಮ್ಯಾನಿಫೆಸ್ಟ್ (ಪ್ರೋಗ್ರಾಂಗೆ ಯಾವ ಅಧಿಕಾರ ಬೇಕೆಂದು ವಿಂಡೋಸ್‌ಗೆ ಹೇಳುವ ಟಿಪ್ಪಣಿ) ಇಲ್ಲದ 32 ಬಿಟ್ ಪ್ರೋಗ್ರಾಂ ಅನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಕೂರಿಸಿದ್ದರೆ, ಅದು ತನ್ನ ಫೋಲ್ಡರಿಗೆ ಬರೆದ ಐಎನ್‌ಐ ಮತ್ತು ರಿಪೋರ್ಟ್ ಫೈಲ್‌ಗಳನ್ನು ವಿಂಡೋಸ್ ಹೇಳದೆ ಕೇಳದೆ ಆ ಖಾತೆಯ ವರ್ಚುಯಲ್‌ಸ್ಟೋರ್ ಫೋಲ್ಡರಿಗೆ ತಿರುಗಿಸಿರುತ್ತದೆ. ನೀವು ಮೂಲ ಜಾಗದಿಂದ ಸೆಟ್ಟಿಂಗ್ ಹೊತ್ತು ತಂದರೆ ಅಂಗಡಿಯ ಬಿಲ್ ವಿನ್ಯಾಸ ವರ್ಷಗಳಷ್ಟು ಹಿಂದಕ್ಕೆ ಹೋಗಿರುತ್ತದೆ. ವರ್ಚುಯಲ್‌ಸ್ಟೋರ್‌ನಲ್ಲಿ ಇದೆಯೇ ಎಂದು ಮೊದಲು ನೋಡಿ. ಹೆಸರಿನ ವಿಷಯವೂ ಇಲ್ಲಿದೆ: ಮ್ಯಾನಿಫೆಸ್ಟ್ ಇಲ್ಲದ 32 ಬಿಟ್ ಎಕ್ಸ್‌ಇ ಹೆಸರಿನಲ್ಲಿ ‘ಅಪ್‌ಡೇಟ್’ ಅಥವಾ ‘ಸೆಟಪ್’ ಎಂಬ ಇಂಗ್ಲಿಷ್ ಪದವಿದ್ದರೆ ವಿಂಡೋಸ್ ಅದನ್ನು ಇನ್‌ಸ್ಟಾಲರ್ ಎಂದೇ ತಿಳಿದು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಮ್ಯಾನಿಫೆಸ್ಟಿನಲ್ಲಿ ‘ಆಸ್‌ಇನ್ವೋಕರ್’ (ತೆರೆದವರ ಅಧಿಕಾರವೇ ಸಾಕು) ಎಂದು ಬರೆದರೆ ತೊಂದರೆ ಹೋಗುತ್ತದೆ.

ಡೇಟಾಬೇಸ್‌ಗೆ ಬರೋಣ. ಮೂರು ಕಂಪ್ಯೂಟರ್ ಒಂದೇ ಕ್ಷಣದಲ್ಲಿ ಹೊಸ ಆವೃತ್ತಿಗೆ ಹೋಗುವುದಿಲ್ಲ. ಕೆಲವು ಗಂಟೆಯೋ ಕೆಲವು ದಿನವೋ ಹಳೆಯದು, ಹೊಸದು ಎರಡೂ ಒಂದೇ ಡೇಟಾಬೇಸಿಗೆ ಬರೆಯುತ್ತಿರುತ್ತವೆ. ಶೆಡ್ಯೂಲ್ ಎಚ್1 (ಮಾರಿದ್ದನ್ನು ದಾಖಲಿಸಲೇಬೇಕಾದ) ಔಷಧಿಗೆ ವೈದ್ಯರ ಹೆಸರು ದಾಖಲಿಸಲು ಹೊಸ ಕಾಲಂ ಬೇಕಾಯಿತು ಎನ್ನಿ. ಅದನ್ನು ‘ನಾಟ್ ನಲ್’ (ಖಾಲಿ ಬಿಡಲಾಗದ್ದು) ಎಂದು ಸೇರಿಸಿದರೆ, ಆ ಕಾಲಂ ಬಗ್ಗೆ ಗೊತ್ತೇ ಇಲ್ಲದ ಹಳೆಯ ಕೌಂಟರಿನಲ್ಲಿ ಬಿಲ್ ಉಳಿಯುವುದೇ ಇಲ್ಲ. ಖಾಲಿ ಬಿಡಬಹುದಾದ ಕಾಲಂ ಆಗಿ ಮೊದಲು ಸೇರಿಸಿ, ಎಲ್ಲ ಕೌಂಟರ್‌ಗಳೂ ಹೊಸದಕ್ಕೆ ಬಂದದ್ದು ಖಾತ್ರಿಯಾದ ಮೇಲಿನ ಬಿಡುಗಡೆಯಲ್ಲಿ ಕಡ್ಡಾಯ ಮಾಡಿ. ಕಾಲಂ ತೆಗೆಯುವುದು, ಹೆಸರು ಬದಲಿಸುವುದು ಕೂಡ ಹೀಗೆಯೇ ಎರಡು ಬಿಡುಗಡೆಯ ಕೆಲಸ. ಇದನ್ನು ಪಾಲಿಸಿದರೆ ಲಾಂಚರ್ ಹಳೆಯ ಪ್ರೋಗ್ರಾಂಗೆ ಮರಳಿದರೂ ಡೇಟಾಬೇಸ್ ಅದಕ್ಕೆ ಒಗ್ಗುತ್ತದೆ. ಪಾಲಿಸದಿದ್ದರೆ ಹಿಂದಕ್ಕೆ ಹೋಗುವ ಏರ್ಪಾಡೆಲ್ಲ ಹೆಸರಿಗೆ ಮಾತ್ರ.

ಬದಲಾವಣೆಯನ್ನು ಸರ್ವಿಸ್ ಮಾತ್ರ ಮಾಡಲಿ, ಕೌಂಟರ್ ಎಂದೂ ಮಾಡಬಾರದು. ಮೊದಲು ಬ್ಯಾಕಪ್, ಅದರಲ್ಲಿ ಚೆಕ್‌ಸಮ್ ಆಯ್ಕೆ ಇರಲಿ, ಬಳಿಕ ಬ್ಯಾಕಪ್ ಫೈಲನ್ನು ಪರೀಕ್ಷಿಸುವ ‘ರಿಸ್ಟೋರ್ ವೆರಿಫೈಓನ್ಲಿ’ ಓಡಿಸಿ, ಅದು ಸರಿಯಾದರೆ ಮಾತ್ರ ಮುಂದೆ. ಬ್ಯಾಕಪ್ ಬರೆಯುವುದು ಎಸ್‌ಕ್ಯೂಎಲ್ ಸರ್ವರಿನ ಖಾತೆ, ನಿಮ್ಮ ಪ್ರೋಗ್ರಾಂನ ಖಾತೆಯಲ್ಲ. ಡೆಸ್ಕ್‌ಟಾಪ್ ಫೋಲ್ಡರ್ ತೋರಿಸಿದರೆ ‘ಆಪರೇಟಿಂಗ್ ಸಿಸ್ಟಂ ಎರರ್ 5’ (ಅನುಮತಿ ಇಲ್ಲ) ಎಂದು ನಿಲ್ಲುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಟೇಬಲ್ ಬದಲಾವಣೆಗಳೂ ಟ್ರಾನ್ಸಾಕ್ಷನ್‌ನೊಳಗೆ ಹೋಗುತ್ತವೆ, ಅರ್ಧದಲ್ಲಿ ಕೆಟ್ಟರೆ ಪೂರ್ತಿ ಹಿಂದಕ್ಕೆ ಬರುತ್ತದೆ. ಬ್ಯಾಕಪ್ ಮಾತ್ರ ಅದರೊಳಗೆ ಓಡದು, ಹೊರಗಿರಲಿ. ಡೇಟಾಬೇಸಿನಲ್ಲಿ ಒಂದು ಟೇಬಲ್‌ನಲ್ಲಿ ಈಗಿನ ರಚನೆಯ ಸಂಖ್ಯೆ ಮತ್ತು ಓಡಬಹುದಾದ ಕನಿಷ್ಠ ಪ್ರೋಗ್ರಾಂ ಆವೃತ್ತಿ ಇಡಿ. ಕೌಂಟರ್ ತೆರೆದ ಕೂಡಲೇ ಅದನ್ನು ಓದಿ, ತಾನು ಹಳೆಯದಾಗಿದ್ದರೆ ಸರ್ವಿಸ್‌ನಿಂದ ಹೊಸದನ್ನು ತಂದುಕೊಂಡೇ ಮುಂದೆ ಹೋಗಲಿ. ಎಂಟು ತಿಂಗಳು ಮುಚ್ಚಿಟ್ಟಿದ್ದ ಎರಡನೇ ಕೌಂಟರನ್ನು ಹಬ್ಬದ ಸಮಯದಲ್ಲಿ ತೆರೆಯುವುದು, ಪಾಳಿಗೊಂದು ಖಾತೆ ಬಳಸುವುದು, ಎರಡಕ್ಕೂ ಇದೇ ಕಾವಲು.

ಬಿಡುಗಡೆಯನ್ನು ಮೊದಲ ದಿನ ಶೇ 5 ಅಂಗಡಿಗೆ, ಮೂರು ದಿನದ ಮೇಲೆ ಶೇ 25ಕ್ಕೆ, ಆಮೇಲೆ ಎಲ್ಲರಿಗೆ ಬಿಡಿ. ಲೈಸೆನ್ಸ್ ಸಂಖ್ಯೆ ಮತ್ತು ಆವೃತ್ತಿ ಸಂಖ್ಯೆ ಸೇರಿಸಿ ಹ್ಯಾಶ್ ಮಾಡಿ 100ರಿಂದ ಭಾಗಿಸಿದ ಶೇಷ ನೋಡಿದರೆ ಯಾವ ಅಂಗಡಿ ಯಾವ ಗುಂಪು ಎಂಬುದು ತಾನಾಗಿ ಸಿಗುತ್ತದೆ, ಪ್ರತಿ ಸಲ ಅದೇ ಅಂಗಡಿಗಳು ಪ್ರಯೋಗಪಶುವಾಗುವುದೂ ಇಲ್ಲ. ತಿಂಗಳ 9ರಿಂದ 21ರವರೆಗೆ ಪ್ರೋಗ್ರಾಂ ಬಿಡುಗಡೆ ಬೇಡ. ತಿಂಗಳ ರಿಟರ್ನ್ ಸಲ್ಲಿಸುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಗಡುವು ಇರುತ್ತದೆ, ಅಂಗಡಿಯವರ ಲೆಕ್ಕಿಗರು ಅದೇ ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ.

‘ಅಪ್‌ಡೇಟ್ ಇಲ್ಲ’ ಮತ್ತು ‘ನೋಡಲಾಗಲಿಲ್ಲ’ ಎರಡನ್ನೂ ಬೇರೆಬೇರೆಯಾಗಿ ತೋರಿಸಿ, ದಾಖಲಿಸಿ. ಹಳೆಯ ಕಂಪ್ಯೂಟರಿನ ಗಡಿಯಾರ ಕಾಯುವ ಸಿಮಾಸ್ ಬ್ಯಾಟರಿ ಸತ್ತು ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋದರೆ ಎಚ್‌ಟಿಟಿಪಿಎಸ್ ಸಂಪರ್ಕ ಬೀಳುತ್ತದೆ, ಪ್ರೋಗ್ರಾಂ ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿರುತ್ತದೆ. ವಿಂಡೋಸ್ 7ರಲ್ಲಿ ಎಚ್‌ಟಿಟಿಪಿಎಸ್ ಬಳಸುವ ಟಿಎಲ್‌ಎಸ್ 1.2 ವಿಧಾನ ತಾನಾಗಿ ಚಾಲೂ ಇರುವುದಿಲ್ಲ, ಕೋಡ್‌ನಲ್ಲಿ ಹೆಸರಿಸಿ ಕೇಳಬೇಕು. ಹಿನ್ನೆಲೆಯಲ್ಲಿ ಇಳಿಸಲು ವಿಂಡೋಸಿನ ಬಿಟ್ಸ್ ಸೇವೆ ಒಳ್ಳೆಯದು, ನಡುವೆ ನೆಟ್ ಹೋದರೂ ನಿಂತಲ್ಲಿಂದ ಮುಂದುವರಿಸುತ್ತದೆ. ಆದರೆ ವಿಂಡೋಸ್ 7ರಲ್ಲಿ ಅದು ಟಿಎಲ್‌ಎಸ್ 1.2 ಮಾತಾಡಲು ಕೆಬಿ3140245 ಪ್ಯಾಚ್ ಮತ್ತು ರಿಜಿಸ್ಟ್ರಿ ಬದಲಾವಣೆ ಎರಡೂ ಆಗಿರಬೇಕು.

ನೆಟ್ ಇಲ್ಲದ ಅಂಗಡಿಗೆ ಅದೇ ಪ್ಯಾಕೇಜ್, ಅದೇ ಸಹಿಯ ಮಾಹಿತಿ ಫೈಲ್ ಪೆನ್‌ಡ್ರೈವ್‌ನಲ್ಲಿ ಹೋಗಲಿ, ಸರ್ವಿಸ್ ಅಲ್ಲಿಂದಲೂ ಅದೇ ತಪಾಸಣೆಯೊಂದಿಗೆ ತೆಗೆದುಕೊಳ್ಳಲಿ. ಪೆನ್‌ಡ್ರೈವ್‌ಗೆಂದು ಬೇರೆ ದಾರಿ ಬರೆದರೆ ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ವಾರ್ಷಿಕ ನಿರ್ವಹಣಾ ಶುಲ್ಕ (ಎಎಂಸಿ) ಕಟ್ಟದವರಿಗೆ ಹೊಸ ಸೌಲಭ್ಯ ತಡೆಯಿರಿ, ತಪ್ಪಲ್ಲ. ಭದ್ರತೆಯ ದುರಸ್ತಿಯನ್ನೂ ತೆರಿಗೆ ದರದ ಫೈಲನ್ನೂ ತಡೆಯಬೇಡಿ, ತಪ್ಪು ದರದ ಬಿಲ್ಲು ಬರುವುದು ಔಷಧಿ ಕೊಳ್ಳುವವರ ಕೈಗೆ.

ಸರ್ವಿಸ್ ಮತ್ತು ಲಾಂಚರನ್ನು ಕೂರಿಸಲು ಕೊನೆಯ ಬಾರಿಗೆ ರಿಮೋಟ್ ಹಿಡಿಯಲೇಬೇಕು. ದಿನಕ್ಕೆ 20 ಅಂಗಡಿ ಎಂದರೆ ಒಂದು ತಿಂಗಳೊಳಗೆ ಮುಗಿಯುತ್ತದೆ. ಅದಾದ ಮೇಲೆ ಹೊಸ ದಾರಿಯಲ್ಲಿ ಕಳಿಸುವ ಮೊದಲ ಬಿಡುಗಡೆಯಲ್ಲಿ ಆವೃತ್ತಿ ಸಂಖ್ಯೆ ಬಿಟ್ಟು ಬೇರೇನನ್ನೂ ಬದಲಿಸಬೇಡಿ. ಎರಡನೆಯದನ್ನು, ನಿಮ್ಮದೇ ಕಚೇರಿಯ ಒಂದೆರಡು ಕಂಪ್ಯೂಟರಿಗೆ ಮಾತ್ರ, ಬೇಕೆಂದೇ ಕೆಡಿಸಿ ಕಳಿಸಿ: ಒಂದರಲ್ಲಿ ಸಹಿ ತಪ್ಪಿರಲಿ, ಇನ್ನೊಂದರಲ್ಲಿ ಸಹಿ ಸರಿಯಿದ್ದು ಪ್ರೋಗ್ರಾಂ ಮಾತ್ರ ತೆರೆಯದಂತಿರಲಿ. ಮೊದಲನೆಯದು ತಿರಸ್ಕಾರವಾಗಿ, ಎರಡನೆಯದರಲ್ಲಿ ಲಾಂಚರ್ ತಾನಾಗಿ ಹಿಂದಿನ ಆವೃತ್ತಿಗೆ ಮರಳಿ, ನಿಮ್ಮ ಸರ್ವರಿಗೆ ಎರಡರ ವರದಿಯೂ ಬಂದರೆ ದಾರಿ ಸಿದ್ಧವಾಗಿದೆ. ಅಲ್ಲಿಯವರೆಗೆ ಡೇಟಾಬೇಸ್ ಮುಟ್ಟುವ ಬಿಡುಗಡೆಯನ್ನು ಇದರಲ್ಲಿ ಕಳಿಸಬೇಡಿ.